ಶಾಸಕರ ಪಿಂಚಣಿ: ನೌಕರರಲ್ಲದವರಿಗೆ ನೌಕರರ ಸವಲತ್ತು ಬಂದದ್ದು ಹೇಗೆ?

2025ರ ಮಾರ್ಚ್‌ನಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಭಾರಿ ಗದ್ದಲ ನಡೆದಿತ್ತು. ಸಭಾಧ್ಯಕ್ಷರ ಪೀಠದತ್ತ ಹರಿದ ಕಾಗದಗಳು ತೂರಿಬಂದವು, ಪ್ರತಿಪಕ್ಷದ 18 ಶಾಸಕರು ಅಮಾನತಾದರು. ಅದೇ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಶಾಸಕರ ಸಂಬಳ ಮತ್ತು ಭತ್ಯೆ ಹೆಚ್ಚಿಸುವ ಮಸೂದೆಗೆ ಒಪ್ಪಿಗೆ ಸಿಕ್ಕಿತು. ತಿಂಗಳ ಸಂಬಳ 40,000 ರೂಪಾಯಿಯಿಂದ 80,000ಕ್ಕೆ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಏರುವ ಮಸೂದೆ ಅದು. ಅದೇ ತಿಂಗಳು ಕೇಂದ್ರ ಸರ್ಕಾರವೂ ಸಂಸದರ ಸಂಬಳ ಮತ್ತು ಪಿಂಚಣಿಯನ್ನು ಪರಿಷ್ಕರಿಸಿ ಅಧಿಸೂಚನೆ ಹೊರಡಿಸಿತು.

ಇಂಥ ಸುದ್ದಿ ಬಂದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ. ಹೊಸ ಪಿಂಚಣಿ ವ್ಯವಸ್ಥೆಗೆ ಸೇರಿದ ಸರ್ಕಾರಿ ನೌಕರ ಮೂವತ್ತು ವರ್ಷ ದುಡಿದರೂ ನಿಶ್ಚಿತ ಪಿಂಚಣಿಯ ಭರವಸೆ ಇಲ್ಲದೆ ಮನೆಗೆ ಹೋಗುತ್ತಾನೆ. ಖಾಸಗಿ ಕಾರ್ಖಾನೆಯ ಕಾರ್ಮಿಕನಿಗೆ ಭವಿಷ್ಯ ನಿಧಿ ಸಂಘಟನೆಯ ಪಿಂಚಣಿ ಯೋಜನೆಯಲ್ಲಿ ಖಾತರಿ ಇರುವ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಹಾಗಿರುವಾಗ ಐದು ವರ್ಷಕ್ಕೆಂದು ಆರಿಸಿ ಕಳುಹಿಸಿದವರಿಗೆ ಜೀವನಪೂರ್ತಿ ಪಿಂಚಣಿ ಏಕೆ? ಕೋಪ ಸಹಜವಾದದ್ದೇ. ಆದರೆ ಉತ್ತರ ಸಿಗಬೇಕಾದರೆ ಪಿಂಚಣಿಯ ಬುಡದಿಂದಲೇ ಹೊರಡಬೇಕು.

ಪಿಂಚಣಿ ದಾನವಲ್ಲ, ತಡೆದಿಟ್ಟ ಸಂಬಳ

ಪಿಂಚಣಿ ಸರ್ಕಾರ ಕೃಪೆಯಿಂದ ಕೊಡುವ ಹಣವೇ, ನೌಕರನ ಹಕ್ಕೇ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು, ಡಿ.ಎಸ್. ನಕಾರಾ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಪಿಂಚಣಿ ಭಿಕ್ಷೆಯೂ ಅಲ್ಲ, ಬಹುಮಾನವೂ ಅಲ್ಲ. ನೌಕರ ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲಬೇಕಾದದ್ದು ಎಂದಿತು. ನಿವೃತ್ತರು ಇಂದಿಗೂ ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಸುಗ್ಗಿಯಲ್ಲಿ ಬಂದ ಕಾಳನ್ನೆಲ್ಲ ಒಮ್ಮೆಗೇ ಉಣ್ಣದೆ ಒಂದು ಪಾಲನ್ನು ಕಣಜಕ್ಕೆ ಸುರಿದಿಟ್ಟು, ಕೆಲಸವಿಲ್ಲದ ತಿಂಗಳುಗಳಲ್ಲಿ ತೆಗೆದು ಬೇಯಿಸಿಕೊಳ್ಳುವ ಲೆಕ್ಕ ಇದು. ನೌಕರನ ದುಡಿಮೆಯ ಒಂದು ಪಾಲು ಅವನ ಕೈ ಸೇರದೆ ಹಿಂದೆ ಉಳಿಯುತ್ತದೆ. ಕೈಲಾಗದ ಕಾಲಕ್ಕೆ ಅದು ಪಿಂಚಣಿಯಾಗಿ ಬರುತ್ತದೆ.

ಇದರಿಂದಲೇ ನೌಕರರ ಪಿಂಚಣಿಗೆ ಕೆಲವು ಷರತ್ತುಗಳು ಬಂದಿವೆ. ಇಷ್ಟು ವರ್ಷ ಕೆಲಸ ಮಾಡಿರಬೇಕು, ಇಂಥ ವಯಸ್ಸಿನ ನಂತರ ಸಿಗುತ್ತದೆ, ದುಡಿದ ವರ್ಷಗಳಿಗೆ ತಕ್ಕಂತೆ ಮೊತ್ತ. ಹೊಸ ವ್ಯವಸ್ಥೆಗಳಲ್ಲಿ ಇನ್ನೊಂದು ಷರತ್ತೂ ಸೇರಿದೆ: ನೌಕರನೂ ತನ್ನ ಸಂಬಳದಿಂದ ವಂತಿಗೆ ಕಟ್ಟಬೇಕು. 2004ರ ಜನವರಿ 1ರಿಂದ ಕೇಂದ್ರ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ವ್ಯವಸ್ಥೆ ಬಂತು. ಕರ್ನಾಟಕದಲ್ಲಿ ಅದು 2006ರ ಏಪ್ರಿಲ್ 1ರಿಂದ ಜಾರಿಯಾಯಿತು. ಅಲ್ಲಿ ಸಂಬಳದ ಶೇಕಡಾ 10 ಪ್ರತಿ ತಿಂಗಳು ಕಡಿತವಾಗುತ್ತದೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಕೊನೆಗೆ ಎಷ್ಟು ಸಿಗುತ್ತದೆ ಎಂಬುದು ಮಾರುಕಟ್ಟೆಯ ಕೈಯಲ್ಲಿರುತ್ತದೆ. 2025ರ ಏಪ್ರಿಲ್‌ನಿಂದ ಕೇಂದ್ರ ನೌಕರರಿಗೆ ಆಯ್ಕೆಯಾಗಿ ಬಂದಿರುವ ಏಕೀಕೃತ ಪಿಂಚಣಿ ಯೋಜನೆಯಲ್ಲಿ ನಿಶ್ಚಿತ ಮೊತ್ತದ ಭರವಸೆ ಮರಳಿದೆ. ಆದರೆ ಮೂಲವೇತನದ ಅರ್ಧದಷ್ಟು ಪಿಂಚಣಿ ಪಡೆಯಲು 25 ವರ್ಷ ದುಡಿದಿರಬೇಕು, ಕನಿಷ್ಠ ಪಿಂಚಣಿಗೂ 10 ವರ್ಷ ಬೇಕು.

ಈ ಷರತ್ತುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇವೇ ಅಳತೆಗೋಲು.

ಶಾಸಕರು ಯಾರ ನೌಕರರು?

ಕಾನೂನಿನ ಪ್ರಕಾರ ಯಾರ ನೌಕರರೂ ಅಲ್ಲ. ಅವರನ್ನು ಯಾರೂ ನೇಮಕ ಮಾಡುವುದಿಲ್ಲ, ಕೆಲಸದ ವೇಳೆ ಇಲ್ಲ, ರಜೆ ಮಂಜೂರು ಮಾಡುವ ಮೇಲಧಿಕಾರಿ ಇಲ್ಲ. ನಿವೃತ್ತಿಯ ವಯಸ್ಸೂ ಇಲ್ಲ, ಅದನ್ನಂತೂ ನಾವು ನೋಡುತ್ತಲೇ ಇದ್ದೇವೆ. ಮತದಾರರು ಅವರನ್ನು ಒಂದು ಅವಧಿಗೆ ಕಳುಹಿಸುತ್ತಾರೆ, ಅಷ್ಟೇ.

ಈ ವ್ಯತ್ಯಾಸ ಬರೀ ಸಿದ್ಧಾಂತದ ಮಾತಲ್ಲ. ವಕೀಲ ವೃತ್ತಿಯಲ್ಲಿರುವ ಶಾಸಕರು ಮತ್ತು ಸಂಸದರು ನ್ಯಾಯಾಲಯದಲ್ಲಿ ವಾದಿಸಬಾರದು, ಏಕೆಂದರೆ ಪೂರ್ಣಾವಧಿ ಸಂಬಳದ ನೌಕರರು ವಕೀಲಿ ನಡೆಸುವಂತಿಲ್ಲ ಎಂದು ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಜನಪ್ರತಿನಿಧಿಗಳು ಪೂರ್ಣಾವಧಿ ಸಂಬಳದ ನೌಕರರಲ್ಲ, ಸರ್ಕಾರಕ್ಕೂ ಅವರಿಗೂ ಇರುವುದು ಮಾಲೀಕ ಮತ್ತು ನೌಕರನ ಸಂಬಂಧವಲ್ಲ ಎಂಬುದೇ ಅದಕ್ಕೆ ಕಾರಣ. ಭ್ರಷ್ಟಾಚಾರ ತಡೆ ಕಾಯ್ದೆಯ ಮಟ್ಟಿಗೆ ಸಂಸದರು ಸಾರ್ವಜನಿಕ ಸೇವಕರು ಎಂದು 1998ರಲ್ಲಿ ಪಿ.ವಿ. ನರಸಿಂಹ ರಾವ್ ಪ್ರಕರಣದಲ್ಲಿ ತೀರ್ಪಾಗಿದ್ದರೂ, ಅದು ಲಂಚದ ಮೊಕದ್ದಮೆಗೆ ಸಂಬಂಧಿಸಿದ ಮಾತು.

ನೌಕರರಲ್ಲ ಎಂಬುದರಿಂದ ಶಾಸಕರಿಗೆ ಒಂದು ದೊಡ್ಡ ಅನುಕೂಲವಿದೆ: ತಮ್ಮ ವ್ಯಾಪಾರ, ಜಮೀನು, ವಕೀಲಿ, ವೈದ್ಯಕೀಯ ಎಲ್ಲವನ್ನೂ ಮುಂದುವರಿಸಬಹುದು. ಸರ್ಕಾರಿ ಗುಮಾಸ್ತ ಹಾಗೆ ಮಾಡಿದರೆ ನೋಟಿಸ್ ಬರುತ್ತದೆ. ನೌಕರನಂತೆ ಕಟ್ಟುಪಾಡು ಇಲ್ಲದವರಿಗೆ ನೌಕರನಂತೆ ಪಿಂಚಣಿ ಏಕೆ ಎಂಬ ವಾದಕ್ಕೆ ಇಲ್ಲಿಂದಲೇ ಬಲ ಬರುತ್ತದೆ.

ಹಾಗಿದ್ದರೂ ಪಿಂಚಣಿಯ ಪರ ಇರುವ ವಾದವೇನು?

ಇದಕ್ಕೆ ಇತಿಹಾಸವಿದೆ. 19ನೆಯ ಶತಮಾನದ ಬ್ರಿಟನ್ನಿನಲ್ಲಿ ಸಂಸತ್ ಸದಸ್ಯರಿಗೆ ಸಂಬಳವೇ ಇರಲಿಲ್ಲ. ಫಲ ಏನೆಂದರೆ, ಜಮೀನ್ದಾರರು ಮತ್ತು ಸಿರಿವಂತರು ಮಾತ್ರ ಅಲ್ಲಿ ಕೂರಬಲ್ಲವರಾಗಿದ್ದರು. 1838ರಲ್ಲಿ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಸಂಸದರಿಗೆ ಸಂಬಳ ಕೊಡಿ ಎಂಬುದೂ ಒಂದು. ರಾಜಕಾರಣಿಗಳಿಗೆ ಸಂಬಳ ಬೇಕೆಂದು ಕೇಳಿದವರು ರಾಜಕಾರಣಿಗಳಲ್ಲ, ಬಡವರು. ಅದು ಈಡೇರಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್.

ಪಿಂಚಣಿಯ ವಾದ ಇದರ ಮುಂದುವರಿಕೆ. ಶಾಲಾ ಶಿಕ್ಷಕಿಯೊಬ್ಬರು ಕೆಲಸ ಬಿಟ್ಟು ಚುನಾವಣೆಗೆ ನಿಲ್ಲುತ್ತಾರೆ ಎಂದುಕೊಳ್ಳಿ. ಗೆದ್ದು ಹತ್ತು ವರ್ಷ ಶಾಸಕಿಯಾಗಿ, ಐವತ್ತೈದರ ಹರೆಯದಲ್ಲಿ ಸೋಲುತ್ತಾರೆ. ಹಳೆಯ ಕೆಲಸ ಮರಳಿ ಸಿಗುವುದಿಲ್ಲ, ಹತ್ತು ವರ್ಷದ ಪಿಂಚಣಿ ಸೇವೆ ಕೈಬಿಟ್ಟಿದೆ. ಗಣಿ ಅಥವಾ ಕಾಲೇಜುಗಳ ಒಡೆಯನಿಗೆ ಈ ಭಯವಿಲ್ಲ. ಮುಂದಿನ ಬದುಕಿಗೆ ಒಂದಿಷ್ಟು ಭದ್ರತೆ ಇಲ್ಲವಾದರೆ ಆ ಶಿಕ್ಷಕಿ ಚುನಾವಣೆಯ ಗೊಡವೆಗೇ ಹೋಗುವುದಿಲ್ಲ. ಇನ್ನೊಂದು ವಾದ, ನಾಳೆಯ ಚಿಂತೆ ಇರುವವನು ಇಂದಿನ ಅಧಿಕಾರವನ್ನು ಮಾರಿಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದು. ಇದನ್ನು ನಂಬುವುದು ಸ್ವಲ್ಪ ಕಷ್ಟ. ಕೋಟಿಗಟ್ಟಲೆ ಮಾಡಲು ಹೊರಟವನನ್ನು ಕೆಲವು ಸಾವಿರದ ಪಿಂಚಣಿ ಕಟ್ಟಿಹಾಕುವುದೆಂದು ಹೇಳುವವರು ಬಹುಶಃ ಚುನಾವಣೆಯ ಖರ್ಚು ನೋಡಿಲ್ಲ.

ಗಮನಿಸಬೇಕಾದದ್ದು ಇಷ್ಟು. ನೌಕರನ ಪಿಂಚಣಿಗೆ ಕಾರಣ ಕಳೆದ ದುಡಿಮೆ. ಜನಪ್ರತಿನಿಧಿಯ ಪಿಂಚಣಿಗೆ ಕಾರಣ ಸದನದ ಬಾಗಿಲು ಬಡವರಿಗೂ ತೆರೆದಿರಲಿ ಎಂಬುದು. ಎರಡನ್ನೂ ಪಿಂಚಣಿ ಎಂದೇ ಕರೆಯುವುದರಿಂದ ಚರ್ಚೆ ಕಲಸುಮೇಲೋಗರವಾಗುತ್ತದೆ.

ನಮ್ಮಲ್ಲಿ ಅದು ಬಂದ ದಾರಿ

ಸಂವಿಧಾನದ 106ನೆಯ ವಿಧಿ ಸಂಸದರ ಸಂಬಳ ಮತ್ತು ಭತ್ಯೆಯನ್ನು ಸಂಸತ್ತು ಕಾನೂನಿನ ಮೂಲಕ ನಿಗದಿಪಡಿಸಬಹುದು ಎನ್ನುತ್ತದೆ; 195ನೆಯ ವಿಧಿ ರಾಜ್ಯಗಳ ಶಾಸಕಾಂಗಗಳಿಗೆ ಅದೇ ಅಧಿಕಾರ ಕೊಡುತ್ತದೆ. ಎರಡರಲ್ಲೂ ಪಿಂಚಣಿಯ ಮಾತಿಲ್ಲ. 1954ರಲ್ಲಿ ಬಂದ ಸಂಸದರ ಸಂಬಳದ ಕಾಯ್ದೆಯಲ್ಲೂ ಅದು ಇರಲಿಲ್ಲ. ಸೇರಿಸಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ.

ಆಗಿನ ನಿಯಮ ನೋಡಿದರೆ ಇಂದಿನ ಓದುಗರಿಗೆ ಅಚ್ಚರಿಯಾಗಬಹುದು. ಐದು ವರ್ಷ ಸಂಸದರಾಗಿದ್ದವರಿಗೆ ಮಾತ್ರ ತಿಂಗಳಿಗೆ 300 ರೂಪಾಯಿ. ಅದಕ್ಕಿಂತ ಹೆಚ್ಚಿನ ಪ್ರತಿ ವರ್ಷಕ್ಕೆ 50 ರೂಪಾಯಿ. ಎಷ್ಟೇ ವರ್ಷ ಇದ್ದರೂ 500 ರೂಪಾಯಿ ದಾಟುವಂತಿಲ್ಲ. ಕನಿಷ್ಠ ಸೇವೆಯೂ ಇತ್ತು, ಗರಿಷ್ಠ ಮಿತಿಯೂ ಇತ್ತು. ವಂತಿಗೆಯೊಂದನ್ನು ಬಿಟ್ಟರೆ ನೌಕರರ ಪಿಂಚಣಿಯ ಹೋಲಿಕೆ ಸಾಕಷ್ಟಿತ್ತು.

ನಂತರದ ತಿದ್ದುಪಡಿಗಳಲ್ಲಿ ಮೊತ್ತ ಏರುತ್ತ ಹೋಯಿತು, ಷರತ್ತುಗಳು ಉದುರುತ್ತ ಹೋದವು. ಈಗ ಎಷ್ಟೇ ಕಡಿಮೆ ಅವಧಿಗೆ ಸಂಸದರಾಗಿದ್ದರೂ ಪಿಂಚಣಿ ಉಂಟು. ಗರಿಷ್ಠ ಮಿತಿ ಇಲ್ಲ. ವಯಸ್ಸಿನ ನಿಬಂಧನೆಯೂ ಇಲ್ಲ: 25ಕ್ಕೆ ಗೆದ್ದು 30ಕ್ಕೆ ಸೋತವರಿಗೆ 30ರಿಂದಲೇ ಪಿಂಚಣಿ ಶುರು. ಹಣ ಬರುವುದು ಸರ್ಕಾರದ ಖಜಾನೆಯಿಂದ. ಸಂಸದರ ಸಂಬಳದಿಂದ ಇದಕ್ಕೆಂದು ಪೈಸೆಯೂ ಕಡಿತವಾಗುವುದಿಲ್ಲ. ಮಾಜಿ ಸಂಸದರಿಗೆ ರೈಲಿನಲ್ಲಿ ಉಚಿತ ಪ್ರಯಾಣವಿದೆ, ಅವರು ತೀರಿಕೊಂಡರೆ ಕುಟುಂಬ ಪಿಂಚಣಿಯೂ ಇದೆ.

ಇದನ್ನೆಲ್ಲ ಪ್ರಶ್ನಿಸಿ ಲೋಕ ಪ್ರಹರಿ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2018ರ ಏಪ್ರಿಲ್ 16ರಂದು ಅರ್ಜಿ ವಜಾ ಆಯಿತು. ಪಿಂಚಣಿ ಕೊಡುವ ಕಾನೂನು ಮಾಡಲು ಸಂಸತ್ತಿಗೆ ಅಧಿಕಾರವಿದೆ, ಕೊಡುವುದು ಸರಿಯೇ ಎಂಬ ನೀತಿಯ ಪ್ರಶ್ನೆ ಸಂಸತ್ತಿಗೇ ಬಿಟ್ಟದ್ದು ಎಂಬುದು ಅದರ ಸಾರ. ಪಿಂಚಣಿ ಕಾನೂನುಬದ್ಧ ಎಂಬ ವಿಷಯ ಅಲ್ಲಿಗೆ ಮುಗಿದಿದೆ. ಉಳಿದಿರುವುದು ಅದರ ನಿಯಮಗಳ ಪ್ರಶ್ನೆ.

ಲೆಕ್ಕ ಹಾಕಿ ನೋಡಿದರೆ

ಸಂಸದರ ಈಗಿನ ಸಂಬಳ ತಿಂಗಳಿಗೆ 1,24,000 ರೂಪಾಯಿ. ಪಿಂಚಣಿ 31,000. ಐದು ವರ್ಷಕ್ಕಿಂತ ಹೆಚ್ಚು ಇದ್ದವರಿಗೆ ಪ್ರತಿ ಹೆಚ್ಚುವರಿ ವರ್ಷಕ್ಕೆ 2,500. 2025ರಲ್ಲಿ ಪ್ರಕಟವಾದ ಈ ದರಗಳು 2023ರ ಏಪ್ರಿಲ್ 1ರಿಂದ ಪೂರ್ವಾನ್ವಯ.

ಈಗ ಏಕೀಕೃತ ಯೋಜನೆಯ ನೌಕರನ ಜೊತೆ ಇಟ್ಟು ನೋಡೋಣ. ಅವನಿಗೆ 25 ವರ್ಷಕ್ಕೆ ಮೂಲವೇತನದ ಶೇಕಡಾ 50. ಅಂದರೆ ಒಂದು ವರ್ಷದ ದುಡಿಮೆಗೆ ಶೇಕಡಾ 2ರಷ್ಟು ಪಿಂಚಣಿ ಕೂಡಿಬೀಳುತ್ತದೆ. ಸಂಸದರ 31,000 ಎಂಬುದು 1,24,000ದ ಸರಿಯಾಗಿ ಶೇಕಡಾ 25. ಐದು ವರ್ಷದ ಅವಧಿಗೆ ಹಂಚಿದರೆ ವರ್ಷಕ್ಕೆ ಶೇಕಡಾ 5, ಅಂದರೆ ನೌಕರನ ಎರಡೂವರೆ ಪಟ್ಟು. ಒಂದೇ ವರ್ಷ ಸಂಸದರಾಗಿದ್ದವರಿಗೆ ಆ ಒಂದು ವರ್ಷಕ್ಕೇ ಶೇಕಡಾ 25.

ಆದರೆ ಐದು ವರ್ಷ ದಾಟಿದ ಮೇಲಿನ 2,500 ರೂಪಾಯಿ? ಅದು ಸಂಬಳದ ಶೇಕಡಾ 2ರ ಆಸುಪಾಸು. ನೌಕರನ ದರವೇ! 20 ವರ್ಷ ಸಂಸದರಾಗಿದ್ದವರಿಗೆ 68,500 ರೂಪಾಯಿ ಬರುತ್ತದೆ ಎಂದು ಕೇಳಿದಾಗ ಸಿಟ್ಟು ಬರುತ್ತದೆ, ನಿಜ. ಆದರೆ ನೌಕರರ ಪದ್ಧತಿಯಿಂದ ವ್ಯವಸ್ಥೆ ದೂರ ಸರಿದಿರುವುದು ದೀರ್ಘಕಾಲ ಇದ್ದವರ ವಿಷಯದಲ್ಲಿ ಅಷ್ಟಾಗಿ ಅಲ್ಲ. ಅದು ದೂರ ಸರಿದಿರುವುದು ಮೊದಲ ಐದು ವರ್ಷಗಳಲ್ಲಿ, ವಂತಿಗೆ ಇಲ್ಲದಿರುವುದರಲ್ಲಿ, ವಯಸ್ಸಿನ ನಿಬಂಧನೆ ಇಲ್ಲದಿರುವುದರಲ್ಲಿ. ನೌಕರರ ಪಿಂಚಣಿಯ ಸವಲತ್ತು ಇಲ್ಲಿಗೆ ಬಂತು, ಷರತ್ತುಗಳು ಹೊಸಿಲಾಚೆಯೇ ಉಳಿದವು ಎನ್ನಬಹುದು.

ಕರ್ನಾಟಕದ ಅಂಕಿ ಇನ್ನೂ ವಿಚಿತ್ರ. ಸಂಬಳ 80,000, ಪಿಂಚಣಿ 75,000. ಸಂಬಳಕ್ಕೂ ಪಿಂಚಣಿಗೂ ಹೆಚ್ಚು ಅಂತರವೇ ಇಲ್ಲ. ಇದಕ್ಕೊಂದು ಕಾರಣವಿದೆ: ಶಾಸಕರಿಗೆ ಕ್ಷೇತ್ರ ಪ್ರವಾಸ, ದೂರವಾಣಿ ಮುಂತಾದ ಹೆಸರಿನಲ್ಲಿ ಬರುವ ಭತ್ಯೆಗಳು ಸೇರಿದರೆ ತಿಂಗಳ ಒಟ್ಟು ಮೊತ್ತ ಸಂಬಳಕ್ಕಿಂತ ಬಹಳ ಹೆಚ್ಚು. ಸಂಬಳ ಎಂಬ ಅಂಕಿ ಅದರ ಒಂದು ತುಂಡು ಮಾತ್ರ. ಆದ್ದರಿಂದ ಶೇಕಡಾವಾರು ಹೋಲಿಕೆಯನ್ನು ಕರ್ನಾಟಕಕ್ಕೆ ನೇರವಾಗಿ ಅನ್ವಯಿಸುವುದು ಸರಿಯಾಗದು. ಸಂಬಳವನ್ನು ಭತ್ಯೆಗಳಲ್ಲಿ ಚದುರಿಸಿಟ್ಟರೆ ಹೋಲಿಕೆಯೇ ಕಷ್ಟವಾಗುತ್ತದೆ ಎಂಬುದೂ ಜನ ತಿಳಿದಿರಬೇಕಾದ ವಿಷಯ.

ಒಂದರ ಮೇಲೊಂದು ಪಿಂಚಣಿ

ಒಬ್ಬರೇ ವ್ಯಕ್ತಿ ಶಾಸಕರಾಗಿ, ನಂತರ ಸಂಸದರಾಗಿದ್ದರೆ? ಸಂಸದರ ಪಿಂಚಣಿ ಬೇರೆ ಯಾವುದೇ ಪಿಂಚಣಿಯ ಜೊತೆಗೆ ಹೆಚ್ಚುವರಿಯಾಗಿ ಸಿಗುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ. ಮತ್ತೆ ಗೆದ್ದು ಸದನಕ್ಕೆ ಬಂದರೆ ಅಥವಾ ರಾಜ್ಯಪಾಲರಂಥ ಹುದ್ದೆಗೇರಿದರೆ ಅಷ್ಟು ಕಾಲ ಮಾತ್ರ ಅದು ನಿಲ್ಲುತ್ತದೆ. 2025ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಜಗದೀಪ್ ಧನಕರ್ ಅವರು ರಾಜಸ್ಥಾನದ ಮಾಜಿ ಶಾಸಕರಾಗಿ ಪಿಂಚಣಿಗೆ ಮತ್ತೆ ಅರ್ಜಿ ಹಾಕಿದ್ದು ಸುದ್ದಿಯಾಯಿತು. ಮಾಜಿ ಉಪರಾಷ್ಟ್ರಪತಿಯ ಮತ್ತು ಮಾಜಿ ಸಂಸದರ ಪಿಂಚಣಿಗೂ ಅವರು ಅರ್ಹರು. ನಿಯಮ ಮೀರಿದ್ದೇನೂ ಅಲ್ಲಿರಲಿಲ್ಲ. ನಿಯಮವೇ ಹಾಗಿದೆ ಎಂದು ಹಲವರಿಗೆ ತಿಳಿದದ್ದು ಆಗ.

ಪಂಜಾಬಿನಲ್ಲಿ ಪ್ರತಿ ಅವಧಿಗೂ ಪಿಂಚಣಿ ಏರುತ್ತಿದ್ದುದರಿಂದ ಹಲವು ಬಾರಿ ಗೆದ್ದವರ ಮೊತ್ತ ಲಕ್ಷಗಳಿಗೆ ಮುಟ್ಟಿತ್ತು. 2022ರಲ್ಲಿ ಅಲ್ಲಿ ‘ಒಬ್ಬ ಶಾಸಕ, ಒಂದೇ ಪಿಂಚಣಿ’ ಕಾನೂನು ಬಂತು: ಎಷ್ಟು ಬಾರಿ ಗೆದ್ದಿದ್ದರೂ ತಿಂಗಳಿಗೆ 60,000 ರೂಪಾಯಿ ಮತ್ತು ತುಟ್ಟಿಭತ್ಯೆ. ಹಿಮಾಚಲ ಪ್ರದೇಶದ ವಿಧಾನಸಭೆ 2024ರ ಸೆಪ್ಟೆಂಬರ್‌ನಲ್ಲಿ ಬೇರೆಯದೇ ಜಾಡು ಹಿಡಿದು, ಪಕ್ಷಾಂತರಕ್ಕಾಗಿ ಅನರ್ಹರಾದವರಿಗೆ ಪಿಂಚಣಿ ಇಲ್ಲ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಗುಜರಾತಿನಲ್ಲಿ ಮಾಜಿ ಶಾಸಕರಿಗೆ ಪಿಂಚಣಿಯೇ ಇಲ್ಲ, ಆದರೂ ಅಲ್ಲಿ ಚುನಾವಣೆಗೆ ಅಭ್ಯರ್ಥಿಗಳ ಬರವೇನೂ ಬಂದಿಲ್ಲ. ಅಭ್ಯರ್ಥಿಗಳಲ್ಲಿ ಬಡವರೆಷ್ಟು ಎಂಬುದು ಬೇರೆ ಪ್ರಶ್ನೆ, ಪಿಂಚಣಿಯ ಪರವಾದಿಗಳು ಕೇಳುವುದು ಅದನ್ನೇ.

ಬೇರೆಡೆ ಏನು ಮಾಡಿದ್ದಾರೆ?

ಅಮೆರಿಕದ ಸಂಸತ್ತು 1942ರ ಆರಂಭದಲ್ಲಿ ತನ್ನ ಸದಸ್ಯರಿಗೆ ಪಿಂಚಣಿ ಮಂಜೂರು ಮಾಡಿಕೊಂಡಿತು. ಎರಡನೆಯ ಮಹಾಯುದ್ಧಕ್ಕೆ ದೇಶ ಆಗಷ್ಟೇ ಇಳಿದಿತ್ತು, ಜನರಿಗೆ ಟೈರು ಸಕ್ಕರೆಗೂ ತತ್ವಾರ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನವರು, ಪಾಪ ಸಂಸದರು ಕಷ್ಟದಲ್ಲಿದ್ದಾರೆ, ಹಳೆ ಬಟ್ಟೆ ಮತ್ತು ಬೂಟುಗಳನ್ನು ಕಳುಹಿಸೋಣ ಎಂದು ವ್ಯಂಗ್ಯದ ಅಭಿಯಾನ ಶುರುಮಾಡಿದರು. ಮಾರ್ಚ್ ತಿಂಗಳಲ್ಲೇ ಕಾನೂನು ರದ್ದಾಯಿತು. 1946ರಲ್ಲಿ ಪಿಂಚಣಿ ಮರಳಿತು, ಈ ಸಲ ವಂತಿಗೆಯ ಜೊತೆ. ಈಗ ಅಲ್ಲಿ ಕನಿಷ್ಠ ಐದು ವರ್ಷ ಸೇವೆ ಬೇಕು, ಐದೇ ವರ್ಷ ಇದ್ದವರು ಪೂರ್ಣ ಪಿಂಚಣಿಗೆ 62 ವರ್ಷದವರೆಗೆ ಕಾಯಬೇಕು.

ಬ್ರಿಟನ್ನಿನಲ್ಲಿ ಸಂಸದರೂ ಸಂಬಳದಿಂದ ವಂತಿಗೆ ಕಟ್ಟುತ್ತಾರೆ, ಮತ್ತು ಪ್ರತಿ ವರ್ಷದ ಸೇವೆಗೆ ಆ ವರ್ಷದ ಸಂಬಳದ 51ರಲ್ಲಿ ಒಂದು ಪಾಲು ಪಿಂಚಣಿಯಾಗಿ ಜಮೆಯಾಗುತ್ತದೆ. ಹೆಚ್ಚುಕಡಿಮೆ ಶೇಕಡಾ 2. ಆಸ್ಟ್ರೇಲಿಯಾ 2004ರ ಚುನಾವಣೆಯಿಂದ ಹೊಸದಾಗಿ ಬಂದ ಸಂಸದರಿಗೆ ನಿಶ್ಚಿತ ಪಿಂಚಣಿಯನ್ನೇ ನಿಲ್ಲಿಸಿ, ಸಾಮಾನ್ಯ ನೌಕರರಂತೆ ಉಳಿತಾಯ ಖಾತೆಯ ವ್ಯವಸ್ಥೆಗೆ ಸೇರಿಸಿತು.

ಕನಿಷ್ಠ ಸೇವೆಯ ಷರತ್ತು ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಕೆನಡಾದ ಕಥೆ ಕೇಳಬೇಕು. ಅಲ್ಲಿ ಪಿಂಚಣಿಗೆ ಆರು ವರ್ಷ ಬೇಕು. 2019ರ ಅಕ್ಟೋಬರ್ 21ರಂದು ಮೊದಲ ಬಾರಿ ಗೆದ್ದು ಸದನದಲ್ಲೇ ಉಳಿದಿದ್ದ ಸಂಸದರು ಎದುರಿಸಬೇಕಿದ್ದ ನಿಗದಿತ ಚುನಾವಣೆ 2025ರ ಅಕ್ಟೋಬರ್ 20ಕ್ಕೆ, ಆರು ವರ್ಷಕ್ಕೆ ಒಂದು ದಿನ ಕಡಿಮೆ. ಅಂದು ದೀಪಾವಳಿ ಎಂಬ ಕಾರಣ ಕೊಟ್ಟು ಚುನಾವಣೆಯನ್ನು ಒಂದು ವಾರ ಮುಂದೂಡುವ ಮಸೂದೆ ಬಂತು. ಸೋಲುವ ಭಯವಿದ್ದವರಿಗೂ ಪಿಂಚಣಿ ದಕ್ಕಿಸುವ ಉಪಾಯ ಇದು ಎಂದು ವಿರೋಧಿಗಳು ಕೂಗೆಬ್ಬಿಸಿದರು. ಮಸೂದೆ ಬಿದ್ದುಹೋಯಿತು. ಕೊನೆಗೆ ಚುನಾವಣೆ ಏಪ್ರಿಲ್‌ನಲ್ಲೇ ನಡೆದು, 2019ರಲ್ಲಿ ಮೊದಲ ಬಾರಿ ಗೆದ್ದು ಆಗ ಸೋತವರಿಗೆ ಪಿಂಚಣಿ ಕೈತಪ್ಪಿತು.

ನಿರ್ಧರಿಸುವವರು ಯಾರು?

ಬ್ರಿಟನ್ನಿನಲ್ಲಿ 2009ರ ಭತ್ಯೆ ಹಗರಣದ ನಂತರ ಸಂಸದರ ಸಂಬಳ ಮತ್ತು ಪಿಂಚಣಿಯನ್ನು ಸ್ವತಂತ್ರ ಪ್ರಾಧಿಕಾರವೊಂದರ ಕೈಗೆ ಕೊಟ್ಟರು. ತಮ್ಮ ಸಂಬಳಕ್ಕೆ ತಾವೇ ಮತ ಹಾಕುವ ಮುಜುಗರ ಅಲ್ಲಿಗೆ ತಪ್ಪಿತು.

ನಮ್ಮಲ್ಲಿ 2018ರ ಬಜೆಟ್ ಬೇರೆ ಹಾದಿ ಹಿಡಿಯಿತು. ಸಂಸದರ ಸಂಬಳ ಮತ್ತು ಪಿಂಚಣಿ ಐದು ವರ್ಷಕ್ಕೊಮ್ಮೆ ಹಣದುಬ್ಬರದ ಸೂಚ್ಯಂಕಕ್ಕೆ ಅನುಗುಣವಾಗಿ ತಾನಾಗಿಯೇ ಏರಬೇಕು ಎಂದು ಕಾನೂನು ಮಾಡಿದರು. ಸ್ವತಂತ್ರ ಪ್ರಾಧಿಕಾರವಿಲ್ಲ, ಆದರೆ ಮನಬಂದಷ್ಟು ಏರಿಸಿಕೊಳ್ಳುವುದಕ್ಕೆ ಒಂದು ಕಡಿವಾಣ ಬಿತ್ತು. ಇದರ ಇನ್ನೊಂದು ಮುಖವೆಂದರೆ, ಆಗ ಇದ್ದ ನಿಯಮಗಳೂ ಹಾಗೆಯೇ ಉಳಿದವು. ಸೂಚ್ಯಂಕ ಮೊತ್ತವನ್ನು ಏರಿಸುತ್ತದೆ. ಕನಿಷ್ಠ ಸೇವೆ ಎಷ್ಟಿರಬೇಕು, ಯಾವ ವಯಸ್ಸಿಗೆ ಸಿಗಬೇಕು, ವಂತಿಗೆ ಬೇಕೇ ಎಂದು ಅದು ಕೇಳುವುದಿಲ್ಲ. ಅದಕ್ಕೆ ಕಾಯ್ದೆಯ ತಿದ್ದುಪಡಿಯೇ ಆಗಬೇಕು. ಕರ್ನಾಟಕದಲ್ಲಿ ಮಾತ್ರ ಕಳೆದ ಬಾರಿಯ ಏರಿಕೆಗೆ ಸದನ ತಾನೇ ಮಸೂದೆ ತಂದು ತಾನೇ ಒಪ್ಪಬೇಕಾಯಿತು.

ಸಂಸದರ ಮುಂದಿನ ಪರಿಷ್ಕರಣೆ 2028ರ ಏಪ್ರಿಲ್ 1ಕ್ಕೆ ಬಾಕಿ ಇದೆ. ಅದಕ್ಕೆ ಮಸೂದೆ ಬೇಕಿಲ್ಲ, ಸದನದಲ್ಲಿ ಚರ್ಚೆ ಬೇಕಿಲ್ಲ, ಒಂದು ಅಧಿಸೂಚನೆ ಸಾಕು.